ಮಾವನವರು ನಿಂತಿದ್ದರು

ನನ್ನ ಇಂಟರ್‌ವ್ಯೂ ಮಾಡಿದ ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಉರಿ. ಕನಕಪುರದ ರಸ್ತೆಯಲ್ಲಿ ಫ್ಯಾಕ್ಟರಿಗಳು ಸಾಲಾಗಿ ಏಳುತ್ತಿದ್ದ ಕಾಲ ಅದು. ನಮ್ಮ ಮಾವನವರೂ ಅವರ ತಮ್ಮಂದಿರೂ ಹಿಪ್ಪುನೇರಳೆ ಬೆಳೆಯುತ್ತಿದ್ದ ಜಮೀನನ್ನು ಅಂಥದೊಂದು ಫ್ಯಾಕ್ಟರಿಗೆ ಬಿಟ್ಟುಕೊಟ್ಟಿದ್ದರು. ಜಮೀನು ಕೊಟ್ಟ ಮನೆಗೊಂದು ಕೆಲಸ ಅಂತ ಮಾತಾಗಿತ್ತು. ಮನೆಯಲ್ಲಿ ಬಿ.ಎ. ಓದಿದವಳು ಸೊಸೆ ನಾನೊಬ್ಬಳೇ. ಆ ಕೆಲಸ ನನಗೆ ಸಿಗದಿದ್ದರೆ ಮನೆಗೆ ಬೇರೆ ದಾರಿ ಇರಲಿಲ್ಲ.

ಇಂಟರ್‌ವ್ಯೂಗೆ ಮಾವನವರೇ ಕರೆದುಕೊಂಡು ಹೋದರು. ನಾನು ಒಳಗೆ, ಅವರು ಬಾಗಿಲಾಚೆ. ಎದುರಿಗೆ ಕೂತಿದ್ದ ಆಫೀಸರನಿಗೆ ಹೆಚ್ಚೆಂದರೆ ನನ್ನ ವಯಸ್ಸಿದ್ದೀತು. ಮಾವ, ತಮ್ಮಂದಿರ ಜೊತೆಗೆ, ಜಮೀನು ಕೊಟ್ಟಿದ್ದಾರೆ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳು ಅಂದ. 'ಅಲಾಂಗ್ ವಿತ್' ಹಾಕಿಯೇ ಹೇಳಬೇಕು ಅಂತ ಬೇರೆ. ನಾನು ಬಹುವಚನ ಹಾಕಿ 'ಹ್ಯಾವ್ ಗಿವನ್' ಅಂದೆ. ಕೊಟ್ಟವರು ಅಣ್ಣತಮ್ಮಂದಿರೆಲ್ಲ. ಅದೂ ಅಲ್ಲದೆ ಮಾವನವರನ್ನು ಏಕವಚನದಲ್ಲಿ ಅನ್ನುವುದು ನನ್ನ ನಾಲಿಗೆಗೆ ಬರುವುದಿಲ್ಲ.

ಅವನು ನಕ್ಕ. "'ಹ್ಯಾಸ್' ಬರಬೇಕು, ಏಕವಚನ. 'ಅಲಾಂಗ್ ವಿತ್' ಅಂದ್ಮೇಲೆ ತಮ್ಮಂದಿರು ಎಷ್ಟು ಜನ ಇದ್ರೂ ಲೆಕ್ಕಕ್ಕಿಲ್ಲ. ಇಲ್ಲಾಂದ್ರೆ ನಿನಗೆ ಮಾವಂದಿರೇ ಬಹಳ ಜನಾನಾ?"

ಮೈಯೆಲ್ಲ ಉರಿದುಹೋಯಿತು. ನಿಯಮ ಅವನು ಹೇಳಿದ್ದೇ ಸರಿ, ಇಲ್ಲ ಅನ್ನುವುದಿಲ್ಲ. ಆದರೆ ಎಂಥ ಭಾಷೆ ಅದು. ಎದುರಿಗೆ ಕೂತ ಈ ದರಿದ್ರದವನಿಗೆ, ಒಬ್ಬನೇ ಇದ್ದರೂ, ಬಹುವಚನದಲ್ಲಿ 'ಯು ಆರ್' ಅನ್ನಬೇಕು. ಭೂಮಿ ಕೊಟ್ಟ ಹಿರಿಯರಿಗೆ ಮಾತ್ರ ಏಕವಚನ. ಕೆಲಸ ಬೇಕಿತ್ತಲ್ಲ, ಹಲ್ಲು ಕಚ್ಚಿಕೊಂಡು 'ಹ್ಯಾಸ್' ಅಂದೆ.

"ಪರವಾಗಿಲ್ಲ, ಕಲೀತೀಯ. ಕೆಲಸ ಕೊಡೋಣ" ಅಂದವನು ಬಾಗಿಲ ಕಡೆ ಕೈ ಬೀಸಿದ. "ಏಯ್, ಬಾರಯ್ಯ ಒಳಗೆ."

ಮಾವನವರು ಬಂದು ನಿಂತರು. ನಾನು ತಟ್ಟನೆ ಎದ್ದೆ. ಮಾವನ ಎದುರಿಗೆ ಸೊಸೆ ಕೂರುವುದು ನಮ್ಮ ಕಡೆ ಇಲ್ಲ, ಅವರು ನಿಂತಿರುವಾಗಲಂತೂ ಇಲ್ಲವೇ ಇಲ್ಲ. ಆ ರೂಮಿನಲ್ಲಿ ಅವನ ಕುರ್ಚಿ ಬಿಟ್ಟರೆ ಇದ್ದದ್ದು ನನ್ನದೊಂದೇ.

"ನಿನಗೆ ಏಳು ಅಂದೋರು ಯಾರು? ಕೂತ್ಕೋ."

"ಅವರಿಗೊಂದು ಕುರ್ಚಿ ತರಿಸಿ ಸಾರ್. ನಾನು ನಿಂತೇ ಇರ್ತೀನಿ."

"ಇಲ್ಲಿ ನಾನು ಹೇಳಿದ ಹಾಗೆ ಕೇಳಬೇಕು. ಕೂತರೆ ಕೆಲಸ. ಇಲ್ಲದಿದ್ರೆ ಬಾಗಿಲು ಅಲ್ಲಿದೆ."

"ನಿನ್ನ ಕೆಲ್ಸಕ್ಕಷ್ಟು ಬೆಂಕಿ ಹಾಕ" ಅಂದೆ. ಅವನಿಗೆ ಏಕವಚನ ಸಲೀಸಾಗಿಯೇ ಬಂತು.

ಹೊರಗೆ ಬಂದೆವು, ಬಸ್‌ಸ್ಟಾಪಿನವರೆಗೂ ಮಾವನವರು ನನ್ನ ಹಿಂದೆಯೇ ನಡೆದು ಬಂದರು. ನನ್ನನ್ನು ಮೆಚ್ಚಿಕೊಂಡಿದ್ದಾರೆ ಅಂದುಕೊಂಡೆ. ಸಿಮೆಂಟಿನ ಕಟ್ಟೆಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು.

"ನಾನೇನು ನಿಂತ್ಕಂಡ್ರೆ ಸವೆದೋಯ್ತಿದ್ನಾ? ಹೊಲ್ದಲ್ಲಿ ನಿಂತೇ ಬಾಳ್ದೋನು. ಭೂಮಿನೂ ಹೋಯ್ತು, ಈಗ ಕೆಲ್ಸನೂ ಹೋಯ್ತು. ಒಸಿ ಹೊತ್ತು ಕುಂತ್ಕಂಡಿದ್ರೆ ನಿನ್ನ ಗಂಟೇನು ಹೋಯ್ತಿತ್ತವ್ವ?"

 ಅವರು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. "ಈಗ್ಲಾದ್ರೂ ಕುಂತ್ಕ" ಅಂದರು.

ಸಾತನೂರಿನ ಬಸ್ಸು ಬರುವವರೆಗೂ ನಾನು ನಿಂತೇ ಇದ್ದೆ.