ಒಂದೇ ಹಾಡಿನ ಎರಡು ತಟ್ಟೆ

1979ರಲ್ಲಿ, ಏಳನೇ ಕ್ಲಾಸಿನ ನಡುವೆ, ನನ್ನ ಓದು ನಿಂತಿತು. ಮೇಷ್ಟ್ರು ಬೆತ್ತ ಮುರಿಯುವವರೆಗೆ ಹೊಡೆದರು. ಮುರಿದ ತುಂಡನ್ನು ಕಿತ್ತುಕೊಂಡು ನಾನು ಅವರ ಮೊಣಕಾಲಿಗೆ ಬೀಸಿದೆ. ಮರುದಿನದಿಂದ ಸೇಲಂನ ನಮ್ಮ ಮನೆಯ ಮಗ್ಗದ ಗುಂಡಿಗೆ ಇಳಿದೆ. ನಾನು ನೇಯ್ದ ಸೀರೆಯಲ್ಲಿ ಒಂದು ಎಳೆ ತಪ್ಪಿದೆ ಎಂದು ಇವತ್ತಿನವರೆಗೆ ಯಾರೂ ಅಂದಿಲ್ಲ.

1994ರಲ್ಲಿ ಹತ್ತಿರದ ಏರ್ಕಾಡು ಬೆಟ್ಟದ ಹಳೇ ಬಂಗಲೆಯೊಂದನ್ನು ಕೆಡವುತ್ತಿದ್ದರು. ಕೂಲಿಯವರು ಗ್ರಾಮಫೋನಿನ ಅರಗಿನ ತಟ್ಟೆಗಳನ್ನು ಗೋಡೆಗೆ ಎಸೆದು ಒಡೆಯುತ್ತ ನಗುತ್ತಿದ್ದರು. ಒಬ್ಬನ ಕೈ ತಿರುಚಿ ಬಿಡಿಸಿ, ಉಳಿದ ಪೆಟ್ಟಿಗೆಯನ್ನು ಕೊಂಡು ತಂದೆ. ಎಲ್ಲವೂ ಹಳೆಯ ಜಾಝ್, ಹತ್ತು ಹದಿನೈದು ಜನ ಒಟ್ಟಿಗೆ ಊದಿ ಬಡಿಯುವ ದೊಡ್ಡ ಬ್ಯಾಂಡುಗಳದ್ದು. ಲೇಬಲ್ಲಿನಲ್ಲಿ ಹಾಡಿನ ಹೆಸರು, ಬ್ಯಾಂಡಿನ ಹೆಸರು ಬಿಟ್ಟರೆ ಏನೂ ಇಲ್ಲ. ಯಾವ ದಿನ ರೆಕಾರ್ಡ್ ಮಾಡಿದರು, ನಡುವೆ ಎದ್ದು ಒಬ್ಬನೇ ಊದಿದವನು ಯಾರು ಎಂದು ಹುಡುಕಲು ಲೇಬಲ್ಲಿನ ಪಕ್ಕ ಕೊರೆದ ಸಣ್ಣ ಅಂಕಿಯೇ ದಾರಿ. ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿ ಇಟ್ಟು ಅವನ್ನು ಓದಿದೆ. ಅಂಕಿಗಳು ಸಾಲಾಗಿ ಬಂದರೆ ಒಂದೇ ದಿನದ ಕೆಲಸ. ಕೊನೆಯ ಅಂಕಿ, ಆ ಹಾಡನ್ನು ಎಷ್ಟನೇ ಸಲ ನುಡಿಸಿದ್ದು ಎಂಬುದು.

ಒಂದು ಹಾಡಿನ ತಟ್ಟೆ ಎರಡಿದ್ದವು. ಲೇಬಲ್ ಒಂದೇ, ಕೊನೆಯ ಅಂಕಿ ಮಾತ್ರ ಒಂದರಲ್ಲಿ 1, ಇನ್ನೊಂದರಲ್ಲಿ 2. ಮೊದಲನೆಯದರಲ್ಲಿ ಟ್ರಂಪೆಟ್ ಚಾಕು ಹಾಕಿದ ಹಾಗೆ ಸೀಳಿಕೊಂಡು ಬರುತ್ತಿತ್ತು. ಎರಡನೆಯದರಲ್ಲಿ ಅದೇ ಜಾಗದಲ್ಲಿ ಕ್ಲಾರಿನೆಟ್. ಇಂಥ ತಟ್ಟೆಗಳ ಪಟ್ಟಿ ಮಾಡುತ್ತಿದ್ದ ಬೆಂಗಳೂರಿನ ಪ್ರೊಫೆಸರೊಬ್ಬರಿಗೆ ಬರೆದೆ. "ಎರಡನೆಯದು ಮಾರಾಟಕ್ಕೇ ಬಂದಿಲ್ಲ, ನಿಮಗೆ ಓದಲು ಬಂದಿಲ್ಲ" ಎಂದು ಉತ್ತರ ಬಂತು. ರಕ್ತ ಕುದಿಯಿತು. ಬಂದು ಕೇಳಿ ಎಂದು ಬರೆದೆ. ಭಾನುವಾರ ಬರುವುದಾಗಿ ಒಪ್ಪಿದರು.

ಶನಿವಾರ ನೂಲು ತಂದು ನೋಡಿದರೆ ಎರಡನೇ ತಟ್ಟೆ ಇಲ್ಲ. ನಲ್ಲಂಪಳ್ಳಿಯಲ್ಲಿ ಮರದ ಸಾಮಾನಿಗೆ ಪಾಲಿಶ್ ಹಾಕುವ ಸೋದರಮಾವ ಬಂದು ಹೋದರಂತೆ. ತೊಪ್ಪೂರು ಘಾಟಿ ಹತ್ತುವ ಬಸ್ಸಿನಲ್ಲಿ ನಿಂತೇ ಹೋದೆ. ಪಾಲಿಶಿಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುತ್ತಾರೆ. ಮಾವನ ಬಕೆಟ್ಟಿನಲ್ಲಿ ನನ್ನ ತಟ್ಟೆ ಕರಿ ಕೆಸರಾಗಿತ್ತು.

"ಜೋಡಿ ಇತ್ತಲ್ಲಾ, ಒಂದೇ ಎತ್ಕಂಡ್ ಬಂದೆ. ನಿಂಗೆ ಇನ್ನೊಂದು ಐತೆ," ಅಂದರು ಮಾವ. "ಅರಗು ಅಂತ ನಂಬಿದ್ರೆ ಬರೀ ಕಲ್ಪುಡಿ ಬೆರೆಸವ್ರೆ, ಕಳ್ ನನ್ಮಕ್ಳು!"

"ಕೇಳ್ದೆ ಯಾಕ್ ಮುಟ್ದೆ ಮಾವ?"

"ಮಗ್ಗ ಬಿಟ್ಟು ಪೀಪಿ ಕೇಳೋ ತಲೆಕೆಟ್ಟ ಪೈತ್ಯಕಾರ ನೀನು, ನಿನ್ನ ಕೇಳ್ಬೇಕೇನ್ಲಾ?"

ಕೆನ್ನೆಗೆ ಬಿಟ್ಟೆ. ಬಕೆಟ್ಟಿನ ಮೇಲೆ ಬಿದ್ದರು, ಸ್ಪಿರಿಟ್ ಕಣ್ಣಿಗೆ ಹಾರಿತು. ಕಣ್ಣು ಮುಚ್ಚಿಕೊಂಡೇ ತಡಕಿ ಮರದ ಕೊಡತಿ ಹಿಡಿದು ಬೀಸಿದರು. ಬೆಂಚಿನ ಮೇಲಿದ್ದ ನನ್ನ ಬಲಗೈಯ ಎರಡು ಬೆರಳು ಜಜ್ಜಿಹೋದವು. ಅವರ ತಲೆ ಹಿಡಿದು ಗೋಡೆಗೆ ಬಡಿದೆ. ಒಂದು ಹಲ್ಲು ರಕ್ತದ ಜೊತೆ ಉದುರಿತು. ಅತ್ತೆ ಇಬ್ಬರ ಮೇಲೂ ಕೊಡ ನೀರು ಸುರಿದು, "ಒಂದ್ ತಟ್ಟೆಗೆ ಕೊಲೆ ಮಾಡ್ತೀರೇನ್ರೋ, ಪಾವಿಗಳಾ!" ಎಂದು ಕಿರುಚಿದ ಮೇಲೇ ಬಿಟ್ಟದ್ದು.

ಕಾಗದ ಅಂಟಿದ್ದ ನಡುವಿನ ತುಂಡು ಕರಗುವುದಿಲ್ಲವೆಂದು ಮಾವ ಮೂಲೆಗೆ ಎಸೆದಿದ್ದರು. ಕೊರೆದ ಅಂಕಿ ಅದರ ಅಂಚಿನಲ್ಲಿ ಉಳಿದಿತ್ತು, ಎತ್ತಿಕೊಂಡು ಬಂದೆ. ಭಾನುವಾರ ಪ್ರೊಫೆಸರು ಅದರ ಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಎರಡು ಅಂತಲೇ ಇದೆ. ತಪ್ಪು ನನ್ನದೇ," ಎಂದು ಪಟ್ಟಿಯಲ್ಲಿ ಬರೆದುಕೊಂಡರು. ಒಂಟಿಯಾಗಿ ಊದಿದವನ ಜಾಗ ಮಾತ್ರ ಖಾಲಿ ಬಿಟ್ಟರು.

"ಕ್ಲಾರಿನೆಟ್ ಸಾರ್. ನಾ ಕೇಳಿವ್ನಿ."

"ನೀವು ಕೇಳಿದ್ದೀರಿ. ನಾನು ಕೇಳಿಲ್ಲವಲ್ಲ."

ಹೊಡೆಯಬೇಕೆನ್ನಿಸಿತು. ಬಲಗೈಗೆ ಕಟ್ಟು ಹಾಕಿತ್ತು.

ಈಗ ನನ್ನ ಹತ್ತಿರ ಎರಡು ಮಗ್ಗ, ಮೂವತ್ತಾರು ಇಡೀ ತಟ್ಟೆ, ಒಂದು ತುಂಡು, ಮಡಚಲು ಬಾರದ ಎರಡು ಬೆರಳು ಇವೆ.