ಒಂದು ಕ್ಲಿಕ್ಕಿಗೆ ಹತ್ತು ಹಕ್ಕಿ

ದೋಣಿ ಮುಳುಗಬಹುದಿತ್ತು. ಮುಳುಗದಿದ್ದರೆ ಕೆಸರಿನಲ್ಲಿ ಹೂತು, ಮುಂದಿನ ಉಬ್ಬರ ಬರುವವರೆಗೆ ನಾವು ಅಲ್ಲೇ ಸೊಳ್ಳೆ ಹೊಡೆಯುತ್ತ ಕೂರಬೇಕಾಗಬಹುದಿತ್ತು. ಮೋಟಾರು ಕೆಡಬಹುದಿತ್ತು. ಲೈಫ್ ಜಾಕೆಟ್ಟಿನ ಬಕಲ್ ಮುರಿದಿರಬಹುದಿತ್ತು. ಬೆಳಗಿನ ಲೋಕಲ್ ರೈಲಿನ ನೂಕಾಟದಲ್ಲಿ ಎರವಲು ತಂದ ದುರ್ಬೀನು ಯಾರದೋ ಹೆಗಲಿಗೆ ಸಿಕ್ಕಿಕೊಂಡು, ನಮಗಿಂತ ಮೊದಲೇ ದಿವಾ ಸ್ಟೇಷನ್ನಿನಲ್ಲಿ ಇಳಿದುಬಿಡಬಹುದಿತ್ತು. ಮಗಳಿಗೆ ತಲೆ ಸುತ್ತಬಹುದಿತ್ತು. ನನಗೆ ಎದೆ ನೋಯಬಹುದಿತ್ತು. ಅದು ಆ್ಯಸಿಡಿಟಿಯೇ ಆಗಿರುತ್ತಿತ್ತು, ಆದರೆ ನೀರಿನ ನಡುವೆ ಅದನ್ನು ಖಾತ್ರಿ ಮಾಡುವವರು ಯಾರು?

ಹಿಂದಿನ ಸಂಜೆ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ನಿಂತು ಈ ಪಟ್ಟಿ ಒಪ್ಪಿಸಿದಾಗ, ಹೆಂಡತಿ ಚಪಾತಿ ಲಟ್ಟಿಸುತ್ತಲೇ ಕೇಳಿದಳು: “ನೀವೂ ಹೋದ್ರ ಆಕಿ ಹಕ್ಕಿ ಎಣಸ್ಬೇಕೋ, ನಿಮ್ಮ ಬಿ.ಪಿ. ನೋಡ್ಬೇಕೋ?”

“ನಾ ಬಾಯಿ ತೆರಿಯೂದಿಲ್ಲ.”

“ಬಾಯಿ ಅಷ್ಟ ಅಲ್ರಿ. ಕೈನೂ ಕಟಗೊಂಡು ಕೂಡ್ರಿ.”

ಗುಜರಾತಿನ ಕಡೆಯ ಒಂದು ದ್ವೀಪದಲ್ಲಿ ಆರು ತಿಂಗಳು ಹಕ್ಕಿ ಎಣಿಸುವ ಕೆಲಸಕ್ಕೆ ಮಗಳು ಅರ್ಜಿ ಹಾಕಿದ್ದಳು. ಅದಕ್ಕೆ ಇದು ಪರೀಕ್ಷೆ. ಠಾಣೆ ಖಾಡಿ ಎಂಬ ಕಡಲ ಹಿನ್ನೀರಿನ ಒಂದು ಅಂಚಿನಲ್ಲಿರುವ ಫ್ಲೆಮಿಂಗೊಗಳನ್ನು ಒಬ್ಬಳೇ ಎಣಿಸಿ, ಅದೇ ಸಂಜೆಯೊಳಗೆ ನಮೂನೆ ತುಂಬಿ ಕಳಿಸಬೇಕು. ದೋಣಿ ಓಡಲು ನೀರು ಬೇಕು, ಹಕ್ಕಿ ನಿಲ್ಲಲು ಕೆಸರು ಬೇಕು. ಎರಡೂ ಒಟ್ಟಿಗೆ ಸಿಗುವುದು ಅರ್ಧ ತಾಸು. ಅದು ತಪ್ಪಿದರೆ ಕೆಲಸವೂ ತಪ್ಪಿದಂತೆಯೇ.

ಆ ದ್ವೀಪದಲ್ಲಿ ಡಾಕ್ಟರಿಲ್ಲ, ಫೋನಿಗೆ ಸಿಗ್ನಲ್ ಸಿಗುವುದು ಒಂದು ಮರಳಿನ ದಿಬ್ಬದ ಮೇಲೆ ಮಾತ್ರ ಎಂದು ನಾನು ವಿಚಾರಿಸಿ ಇಟ್ಟುಕೊಂಡಿದ್ದೆ. ವಿಚಾರಿಸೆಂದು ಅವಳೇನೂ ಕೇಳಿರಲಿಲ್ಲ.

ಮರುದಿನ ಐರೋಲಿಯ ಜೆಟ್ಟಿಯಲ್ಲಿ ದೋಣಿ ನಡೆಸುವ ಕಾಕಾ, ಮೂವತ್ತು ವರ್ಷದಲ್ಲಿ ಒಬ್ಬರನ್ನೂ ಮುಳುಗಿಸಿಲ್ಲ ಎಂದು ಹಿಂದಿಯಲ್ಲಿ ನನಗೆ ಧೈರ್ಯ ಹೇಳಿದ. ಹಾಗಿದ್ದರೆ ಸರದಿ ಬಂದಿರಬೇಕು ಎಂದುಕೊಂಡೆ. ಸೇತುವೆಯ ಕೆಳಗೆ ಹಾಯುವಾಗ ಮಗಳು ನೀರುಕಾಗೆ ನೋಡಿದಳು, ನಾನು ಕಂಬಗಳಲ್ಲಿ ಬಿರುಕು ಹುಡುಕಿದೆ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಸಣ್ಣ ನಡುಗಡ್ಡೆ ದಾಟಿದ ಮೇಲೆ ಮೋಟಾರು ನಿಂತಿತು.

“ಕೆಟ್ಟತೇನು?” ಎಂದೆ.

“ಅಪ್ಪಾ, ಕಾಕಾನೀಚ್ ಬಂದ್ ಕೇಲಂಯ. ಆವಾಜ್ ನಕೋ.” ‘ಅಪ್ಪಾ’ ಒಂದೇ ಕನ್ನಡ, ಉಳಿದದ್ದು, ಕಾಕಾನೇ ನಿಲ್ಲಿಸಿದ್ದಾನೆ, ಸದ್ದು ಬೇಡ ಎಂಬ ಮರಾಠಿ. ಕಾಕಾ ಬಿದಿರ ಗಳದಿಂದ ದೋಣಿ ನೂಕತೊಡಗಿದ.

ಕೆಸರಿನ ಅಂಚಿನುದ್ದಕ್ಕೂ ಫ್ಲೆಮಿಂಗೊಗಳು ನಿಂತಿದ್ದವು. ಬಿದ್ದ ರೈಲು ಪಾಸು ಹುಡುಕುವವರ ಹಾಗೆ ಎಲ್ಲವೂ ತಲೆ ತಗ್ಗಿಸಿಕೊಂಡಿದ್ದವು. ಮಗಳು ಮೊದಲ ಹತ್ತನ್ನು ಒಂದೊಂದಾಗಿ ಎಣಿಸಿ, ಆ ಹತ್ತರ ಅಗಲವನ್ನು ಕಣ್ಣಲ್ಲಿ ಹಿಡಿದು, ಅದರ ಅಳತೆಯಲ್ಲಿ ಮುಂದಿನವುಗಳನ್ನು ದಾಟುತ್ತ ಹೋದಳು. ಕೈಯಲ್ಲಿದ್ದ ಪುಟ್ಟ ಯಂತ್ರವನ್ನು ಹತ್ತು ಹಕ್ಕಿಗೊಮ್ಮೆ ಒತ್ತುತ್ತಿದ್ದಳು. ಕ್ಲಿಕ್. ಕ್ಲಿಕ್. ಉಸಿರಾಟವೂ ಅದೇ ಲಯಕ್ಕೆ ಬಂದಿತ್ತು. ಮನೆಯಲ್ಲಿ ಒಂದು ಕಡೆ ಐದು ನಿಮಿಷ ಕೂರದ ಹುಡುಗಿ ಇವಳೇನಾ ಅನಿಸಿತು.

ಅರ್ಧ ಸಾಲು ಮುಗಿದಿರಬೇಕು. ಬಿಸಿಲು ಏರಿತ್ತು. ಅವಳ ಟೋಪಿ ಚೀಲದಲ್ಲೇ ಉಳಿದಿತ್ತು. ಕತ್ತಿನ ಹಿಂಭಾಗ ಕೆಂಪಗಾಗಿತ್ತು. ನನ್ನ ಬಳಿ ಛತ್ರಿ ಇತ್ತು, ಗುಂಡಿ ಒತ್ತಿದರೆ ತೆರೆದುಕೊಳ್ಳುವ ದೊಡ್ಡ ಕರಿ ಛತ್ರಿ.

ಫಟ್ ಎಂದಿತು.

ಹತ್ತಿರದವು ಮೊದಲು ಎದ್ದವು, ಆಮೇಲೆ ಇಡೀ ಅಂಚೇ ಎದ್ದಿತು. ಅಲ್ಲಿಯವರೆಗೆ ಬಿಳಿಚಿಕೊಂಡಿದ್ದ ಹಕ್ಕಿಗಳ ರೆಕ್ಕೆಯೊಳಗೆ ಅಷ್ಟೊಂದು ಗುಲಾಬಿ, ಅಷ್ಟೊಂದು ಕಪ್ಪು ಇದ್ದದ್ದು ನನಗೆ ಗೊತ್ತಿರಲಿಲ್ಲ. ಮಗಳ ಹೆಬ್ಬೆರಳು ಯಂತ್ರದ ಮೇಲೆಯೇ ನಿಂತಿತ್ತು.

“ಗೇಲೆ,” ಎಂದ ಕಾಕಾ. ಹೋದವು.

ಬಿಸಿಲಿಗೇ ಬಿಚ್ಚಿದೆ. ಇದನ್ನು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಗುಂಡಿ ಒತ್ತುವ ಮುಂಚೆ ಆ ದ್ವೀಪದ ಮರಳಿನ ದಿಬ್ಬ ಕಣ್ಣೆದುರು ಬಂದದ್ದೂ ಹೌದು. ಅದರ ಮೇಲೆ ಅವಳು ಬರಿದಲೆಯಲ್ಲಿ ಫೋನು ಎತ್ತಿ ಹಿಡಿದು ನಿಂತಿದ್ದಳು.

ಜೆಟ್ಟಿಯ ಮೆಟ್ಟಿಲ ಮೇಲೆ ಕೂತು ಅವಳು ನಮೂನೆ ತುಂಬಿದಳು. ಎಣಿಕೆ ಅಪೂರ್ಣ. ಹಕ್ಕಿ ಎದ್ದುದಕ್ಕೆ ಕಾರಣ ಬರೆಯುವ ಸಾಲಿನಲ್ಲಿ ಹದ್ದು, ನಾಯಿ, ದೋಣಿ, ಇತರೆ ಎಂದಿತ್ತು.

“ಹದ್ದು ಅಂತ ಬರಿ,” ಎಂದೆ. “ಯಾರಿಗೆ ಗೊತ್ತಾಗ್ತದ?”

“ಝಾಲಂ ತೇಚ್ ಲಿಹಾಯಚಂ ಅಸ್ತಂ, ಅಪ್ಪಾ.” ಆದದ್ದನ್ನೇ ಬರೆಯಬೇಕಂತೆ. ‘ಇತರೆ’ಗೆ ಗುರುತು ಹಾಕಿದಳು. ಪಕ್ಕದ ಖಾಲಿ ಜಾಗದಲ್ಲಿ ‘ಅಪ್ಪ’ ಎಂದು ಬರೆಯುತ್ತಾಳೆ ಎಂದು ಕಾದೆ. ಪೆನ್ನು ಸ್ವಲ್ಪ ಹೊತ್ತು ಎತ್ತಿದ ಹಾಗೇ ಇತ್ತು. ‘ಛತ್ರಿ’ ಎಂದಷ್ಟೇ ಬರೆದಳು.

ಆಗಲೇ ಹೆಂಡತಿಯ ಫೋನು.

“ದೋಣಿ ಮುಳುಗಲಿಲ್ಲಲ್ಲಾ?”

“ಇಲ್ಲ.”

“ಆಕಿಗೆ ತಲಿ ಸುತ್ತು? ನಿಮ್ಮ ಎದಿ?”

“ಏನೂ ಇಲ್ಲ.”

“ಮತ್ಯಾಕ ಧ್ವನಿ ಹಂಗದ? ಏನಾತು?”

“ಛತ್ರಿ ಬಿಚ್ಚಿದೆ,” ಎಂದೆ.