ತಂಗಿಯ ಆಪ್ಶನ್ ತುಂಬಿದ್ದು ನಾನು

ನಾನು ಸೀರೆ ಮಾರುವವನು. ರಬಕವಿಯಲ್ಲಿ ನಮ್ಮದೊಂದು ಅಂಗಡಿಯಿದೆ, ಹಿಂದಿನ ಮನೆಯಲ್ಲಿ ನಾಲ್ಕು ಮಗ್ಗ. ಗಿರಾಕಿ ಬಂದು ಗಾದಿಯ ಮೇಲೆ ಕೂತರೆ ಮೊದಲು ಸಾದಾ ಸೀರೆ ಬಿಚ್ಚಬೇಕು, ಒಳ್ಳೆಯದು ಕಟ್ಟಕಡೆಗೆ. ಮೊದಲೇ ಒಳ್ಳೆಯದನ್ನು ಹಾಸಿದರೆ ವ್ಯಾಪಾರ ಕೆಟ್ಟಂತೆಯೇ. ಅಪ್ಪ ನನಗೆ ಕಲಿಸಿದ್ದು ಇದೊಂದೇ ವಿದ್ಯೆ. ಅದನ್ನೇ ತಂಗಿಯ ಸಿಇಟಿಗೂ ಹಚ್ಚಿದೆ, ಮಹಾ ಜಾಣ ನಾನು!

ತಂಗಿಗೆ ದನದ ಡಾಕ್ಟರ್ ಆಗಬೇಕಿತ್ತು. ಬೇರೆ ಯಾವುದರ ಮೇಲೂ ಅವಳಿಗೆ ಮನಸ್ಸಿರಲಿಲ್ಲ. ರಜೆಗೆ ಗಲಗಲಿಯ ಅತ್ತೆಯ ಮನೆಗೆ ಹೋದರೆ ದಿನವಿಡೀ ಎಮ್ಮೆಗಳ ಹತ್ತಿರವೇ ಇರುತ್ತಿದ್ದಳು. ರ್‍ಯಾಂಕೂ ಚೆನ್ನಾಗಿಯೇ ಬಂತು. ಜಾತಿಯ ಪ್ರಮಾಣಪತ್ರ, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರ, ಎರಡಕ್ಕೂ ನಾನೇ ಕಚೇರಿಗಳನ್ನು ಅಲೆದೆ. ಮೀಸಲಾತಿಯ ಕಾಗದಗಳಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ.

ಆಪ್ಶನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವುದು. ಅಂಗಡಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಕೂತೆವು. ಕೈ ಖಾಲಿ ಆಗಬಾರದೆಂದು ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜನ್ನು ಮೊದಲಿಗೆ ಹಾಕಿದೆ. ಆಮೇಲೆ ಅಂಥವೇ ಇನ್ನೆರಡು. ಕೊನೆಗೆ ಬೀದರಿನ ಪಶುವೈದ್ಯ ಕಾಲೇಜು.

“ಅಣ್ಣಾ, ಬೀದರ ಮೊದಲ ಹಾಕಬೇಕಲ್ಲೋ?” ಎಂದಳು.

“ಸುಮ್ನ ಕುಂದ್ರ ಬೇ. ಒಮ್ಮಿಗೇ ಅದನ್ನ ಕೇಳಿದ್ರ ಯಾರ ಕೊಡ್ತಾರ? ಮೊದಲ ಸಣ್ಣದ ಕೇಳಬೇಕು. ನಿನಗೇನ ತಿಳೀತೈತಿ ವ್ಯವಹಾರ?”

ಅಂಗಡಿಯಲ್ಲಿ ನನ್ನ ಮಾತಿಗೆ ಎದುರಾಡುವವರು ಯಾರೂ ಇಲ್ಲ.

ನಿಜವಾಗಿ ಸೀಟು ಹಂಚುವ ಮುಂಚೆ ನಡೆಸುವ ಅಣಕು ಹಂಚಿಕೆಯಲ್ಲಿ ಆ ಎಂಜಿನಿಯರಿಂಗ್ ಸೀಟೇ ಬಂತು. ಪಟ್ಟಿಯನ್ನು ತಿದ್ದಲು ಇನ್ನೂ ಎರಡು ದಿನವಿತ್ತು. ನಾನು ನಕ್ಕೆ. “ನೋಡಿದಿ? ಅವರೂ ಸಾದಾದ್ದ ಮೊದಲ ತೋರಸಾಕತ್ತಾರ. ತಡಿ, ಗಡಿಬಿಡಿ ಮಾಡಬ್ಯಾಡ.” ಕಾದೆವು. ನಿಜವಾದ ಹಂಚಿಕೆಯಲ್ಲೂ ಅದೇ ಬಂತು.

ಜಮಖಂಡಿಗೆ, ಪಿಯುಸಿಯಲ್ಲಿ ಅವಳಿಗೆ ಕಲಿಸಿದ ಸರ್ ಮನೆಗೆ ಓಡಿದೆವು. ಅವರು ಪಟ್ಟಿ ನೋಡಿ ಹಣೆ ಹಣೆ ಬಡಿದುಕೊಂಡರು. “ಅಯ್ಯಯ್ಯ, ಎಂಥಾ ಕೆಲಸ ಮಾಡೀರಿ! ಕಂಪ್ಯೂಟರ ಮ್ಯಾಲಿಂದ ನೋಡ್ಕೋತ ಬರತೈತ್ರಿ. ಮೊದಲನೇದ ಸಿಕ್ರ ಕೆಳಗಿನೂ ಎಲ್ಲಾ ಅಳಿಸೇ ಹೋಗ್ತಾವ.” ಮುಂದಿನ ಸುತ್ತಿಗೆ ನಿಂತರೂ ಸಿಕ್ಕಿದ್ದಕ್ಕಿಂತ ಮೇಲೆ ಬರೆದವಷ್ಟೇ ಲೆಕ್ಕಕ್ಕೆ ಎಂದರು. ನಮ್ಮ ಪಟ್ಟಿಯಲ್ಲಿ ಅದರ ಮೇಲೆ ಏನೂ ಇರಲಿಲ್ಲ. ಅವರದೇ ಇನ್ನೊಬ್ಬ ವಿದ್ಯಾರ್ಥಿನಿ, ಮುಧೋಳದವಳು, ಅದೇ ಮೀಸಲಾತಿ ವರ್ಗ, ಅದೇ ಕನ್ನಡ ಮಾಧ್ಯಮದ ಕೋಟಾ, ತಂಗಿಗಿಂತ ಹಿಂದಿನ ರ್‍ಯಾಂಕು. ಅವಳಿಗೆ ಬೀದರ ಸಿಕ್ಕಿತ್ತು. ಆಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬಸ್ಸಿನಲ್ಲಿ ಬರುವಾಗ ತಂಗಿ ಅಳಲಿಲ್ಲ, ನಾನೇ ಕಿಟಕಿಗೆ ಮುಖ ಮಾಡಿ ಕೂತೆ. ಇನ್ನೊಂದು ವರ್ಷ ಕಾದು ಮತ್ತೆ ಬರೆಯಲಿ ಎಂದೆ. ಬಂದ ಸೀಟನ್ನು ಬಿಡಲು ಅಪ್ಪ ಒಪ್ಪಲಿಲ್ಲ.

ಪ್ರವೇಶದ ದಿನ ಅವಳನ್ನು ನಾನೇ ಕರೆದುಕೊಂಡು ಹೋದೆ. ಗುಮಾಸ್ತರು ಹಂಚಿಕೆಯ ಪತ್ರ ನೋಡಿ ತಲೆಯೆತ್ತಿದರು.

“ಮೊದಲನೇ ಆಪ್ಶನ್ನೇ ಬಂದೈತೆಲ್ಲವಾ! ಎಷ್ಟ ಮಂದಿಗಿ ಹಿಂಗ ಬರತೈತಿ? ಬೇಕಂದದ್ದ ಸಿಕ್ತು ನೋಡ, ನಸೀಬ ಛಲೋ ಐತಿ ನಿಂದು.”

ತಂಗಿ ನನ್ನ ಕಡೆ ನೋಡಲಿಲ್ಲ.

“ಹೌದ್ರಿ,” ಎಂದು ಸಹಿ ಮಾಡಿದಳು.